ದುಡಿಮೆ ಬೇರೆ, ತಾಲೀಮು ಬೇರೆ

(ಬಸವಕಲ್ಯಾಣ ಮತ್ತು ಹುಮನಾಬಾದ್ ಭಾಗದ ಹಳ್ಳಿಗಳ ರೈತರಿಗಾಗಿ ಮಾಡಿದ ಭಾಷಣದ ಪಾಠ)



ಬೀಜ, ಗೊಬ್ಬರ, ಬೆಲೆ ಇವುಗಳ ವಿಚಾರ ಕೇಳಲು ತಾವು ಹಲವು ಸಲ ಸೇರಿದ್ದೀರಿ. ಈ ಹೊತ್ತು ನಾನು ಹೇಳಬೇಕೆಂದಿರುವುದು ಹೊಲದ ವಿಚಾರವಲ್ಲ, ಹೊಲ ಮಾಡುವ ದೇಹದ ವಿಚಾರ. ಎತ್ತು ಕುಂಟಿದರೆ ಅದೇ ದಿನ ದನದ ಡಾಕ್ಟರನ್ನು ಕರೆಯುತ್ತೇವೆ. ಮನೆಯ ಮುತ್ಯಾ ಕಟ್ಟೆಯಿಂದ ಏಳುವಾಗ ಎರಡೂ ಕೈ ಊರಿ, ಮೂರು ಸಲ ಪ್ರಯತ್ನಿಸಿ ಎದ್ದರೆ ಮಾತ್ರ ‘ವಯಸ್ಸಾಯಿತು’ ಎಂದು ಸುಮ್ಮನಾಗುತ್ತೇವೆ. ಅದೇ ಮುತ್ಯಾ ಒಂದು ರಾತ್ರಿ ಬಚ್ಚಲಲ್ಲಿ ಜಾರಿ ಸೊಂಟದ ಹತ್ತಿರ ಮೂಳೆ ಮುರಿದುಕೊಂಡರೆ ಮನೆಯ ಒಂದು ವರ್ಷದ ಗಳಿಕೆ ಆಸ್ಪತ್ರೆಗೆ ಹೋಗುತ್ತದೆ. ಎಷ್ಟೋ ಮಂದಿ ಮತ್ತೆ ಮೊದಲಿನಂತೆ ನಡೆಯುವುದೇ ಇಲ್ಲ. ಆ ಕಾಲುಗಳಿಗೆ ಬೀಳುವ ಮೊದಲೇ ಬಲ ತುಂಬಬಹುದು, ಎಪ್ಪತ್ತರಲ್ಲಿಯೂ ತುಂಬಬಹುದು ಎಂಬುದೇ ಇಂದಿನ ಮಾತು.

‘ಬೆಳಗಿನಿಂದ ಬೈಗಿನವರೆಗೆ ದುಡಿಯುವ ನಮಗೆ ಕಸರತ್ತು ಯಾತಕ್ಕೆ? ಅದು ಪೇಟೆಯವರ ಹವ್ಯಾಸ’ ಎಂದು ತಮ್ಮಲ್ಲಿ ಕೆಲವರು ಆಗಲೇ ಅಂದುಕೊಂಡಿರಬಹುದು. ಪ್ರಶ್ನೆ ಸರಿಯಾದುದೇ. ಒಂದು ಕಾಲಕ್ಕೆ ನಮ್ಮ ಮನೆಯಲ್ಲಿಯೂ ಹೊಲದಲ್ಲಿಯೂ ಎಲ್ಲ ಅಂಗಗಳಿಗೂ ಕೆಲಸವಿತ್ತು. ರೆಂಟೆ ಹೊಡೆಯುವುದು, ಬಾವಿಯಿಂದ ನೀರು ಸೇದುವುದು, ಬೀಸುವುದು, ಕುಟ್ಟುವುದು, ಮೇವಿನ ಹೊರೆ ಹೊರುವುದು ಎಲ್ಲವೂ ಇದ್ದವು. ಈಗ ಟ್ರ್ಯಾಕ್ಟರು, ಕರೆಂಟಿನ ಪಂಪು, ರಾಶಿ ಯಂತ್ರ, ಗಿರಣಿ ಬಂದಿವೆ. ಬಂದದ್ದು ಒಳ್ಳೆಯದೇ ಆಯಿತು. ಬೀಸುವ ಕಲ್ಲು ಮರಳಿ ಬರಲಿ ಎಂದು ಹಾಡಿಹೊಗಳುವ ಗಂಡಸರು ಒಂದು ವಾರ ತಾವೇ ಜೋಳ ಬೀಸಿ ನೋಡಲಿ. ಆದರೆ ಉಳಿದಿರುವ ಕೆಲಸ ಎಂತಹದು ನೋಡಿರಿ. ಕಳೆ ತೆಗೆಯುವಾಗ ಗಂಟೆಗಟ್ಟಲೆ ಬಗ್ಗಿಯೇ ಇರಬೇಕು. ಆಮೇಲೆ ರಾಶಿಯ ನಾಲ್ಕು ದಿನ ಏಕಾಏಕಿ ಚೀಲದ ಮೇಲೆ ಚೀಲ ಎತ್ತಬೇಕು. ಮೊದಲನೆಯದು ಸ್ನಾಯುವನ್ನು ದಣಿಸುತ್ತದೆ, ಬೆಳೆಸುವುದಿಲ್ಲ. ಎರಡನೆಯದು ಸಿದ್ಧತೆಯಿಲ್ಲದ ಬೆನ್ನಿನ ಮೇಲೆ ಬಂದೆರಗುತ್ತದೆ.

ಡೆನ್ಮಾರ್ಕ್ ದೇಶದ ರಾಜಧಾನಿ ಕೋಪನ್‌ಹೇಗನ್ ಸುತ್ತ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಹತ್ತು ವರ್ಷ ಗಮನಿಸಿದ ವಿಜ್ಞಾನಿಗಳು 2021ರಲ್ಲಿ ಒಂದು ಸೋಜಿಗದ ಸಂಗತಿ ಪ್ರಕಟಿಸಿದರು. ಬಿಡುವಿನ ವೇಳೆಯಲ್ಲಿ ಮೈ ಬಳಸುವವರಲ್ಲಿ ಹೃದಯದ ಕಾಯಿಲೆ ಮತ್ತು ಸಾವು ಕಡಿಮೆ ಕಂಡವು. ಕೆಲಸದಲ್ಲಿ ಹೆಚ್ಚು ಮೈ ಬಳಸುವವರಲ್ಲಿ ಮಾತ್ರ ಅವು ಹೆಚ್ಚು ಕಂಡವು. ಇದನ್ನು ಎಲ್ಲ ವಿಜ್ಞಾನಿಗಳೂ ಒಂದೇ ಬಾಯಿಂದ ಒಪ್ಪಿಲ್ಲ. ಕೂಲಿಕಾರರ ಬಡತನ, ಕೆಟ್ಟ ಮನೆ, ಬೀಡಿ ಇವುಗಳ ಪಾಲು ಎಷ್ಟು ಎಂಬ ವಾದ ನಡೆದೇ ಇದೆ. ಆದರೂ ಅವರು ಕೊಡುವ ಒಂದು ಕಾರಣ ನಮ್ಮ ಅನುಭವಕ್ಕೆ ಒಪ್ಪುತ್ತದೆ. ಕಸರತ್ತು ಸ್ವಲ್ಪ ಹೊತ್ತಿನದು; ಬೇಕಾದಷ್ಟು ಮಾಡಿ ಬಿಟ್ಟು ಸುಧಾರಿಸಿಕೊಳ್ಳಬಹುದು. ದುಡಿಮೆ ಎಂಟು ಹತ್ತು ಗಂಟೆಯದು. ಸುಧಾರಿಸಿಕೊಳ್ಳುವ ಮೊದಲೇ ಮರುದಿನ ಬೆಳಗಾಗುತ್ತದೆ.

ದುಡಿಮೆಯನ್ನು ಹೀಗಳೆಯುವ ಮಾತಲ್ಲ ಇದು. ಕಾಯಕವನ್ನು ಪೂಜೆಯೆಂದು ತಿಳಿದ ಶರಣರ ನೆಲ ನಮ್ಮದು. ಕಟ್ಟಿಗೆಯ ಹೊರೆ ಹೊತ್ತು ಮಾರಿದ ಮೋಳಿಗೆ ಮಾರಯ್ಯನನ್ನು ಕಲ್ಯಾಣ ಮರೆತಿಲ್ಲ. ಆದರೆ ಕಾಯಕಕ್ಕೆ ಬೇಕಾದ ಕಾಯವನ್ನು ಬೇರೆಯಾಗಿ ಸಾಧಿಸಬೇಕಾಗುತ್ತದೆ. ಈ ತಿಳಿವು ಕೂಡ ಇದೇ ಕಲ್ಯಾಣದಲ್ಲಿ ಇತ್ತು. ಬಸವಣ್ಣನವರು ಇಲ್ಲಿಗೆ ಬರುವುದಕ್ಕೂ ಮೊದಲು, 1126ರಿಂದ 1138ರವರೆಗೆ, ಚಾಳುಕ್ಯರ ಮೂರನೆಯ ಸೋಮೇಶ್ವರನು ಕಲ್ಯಾಣದಿಂದ ರಾಜ್ಯವಾಳಿದನು. 1130ರ ಸುಮಾರಿನಲ್ಲಿ ಅವನು ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಎಂಬ ದೊಡ್ಡ ಗ್ರಂಥ ಬರೆದನು. ಅಡಿಗೆ, ಆನೆ, ರತ್ನ, ಸಂಗೀತ ಎಲ್ಲದರ ವಿಚಾರವೂ ಅದರಲ್ಲಿದೆ. ‘ಮಲ್ಲವಿನೋದ’ ಎಂಬ ಅಧ್ಯಾಯ ಕುಸ್ತಿಯ ಪೈಲ್ವಾನರದು. ವಯಸ್ಸು, ಮೈಕಟ್ಟು, ಬಲ ನೋಡಿ ಮಲ್ಲರನ್ನು ವರ್ಗ ಮಾಡಿದ್ದಾನೆ. ಅವರಿಗೆ ಅರಮನೆಯಿಂದ ಬೇಳೆಕಾಳು, ಹಾಲು, ಮಾಂಸ, ಸಕ್ಕರೆ ಸಲ್ಲಬೇಕೆಂದು ಹೇಳಿದ್ದಾನೆ. ಸಾಧನೆಗಳಿಗೆ ಅವನು ಇಟ್ಟಿರುವ ಹೆಸರುಗಳನ್ನು ಕೇಳಿರಿ: ಭಾರ ಎತ್ತುವುದು ಭಾರಶ್ರಮ, ನಡೆಯುವುದು ಭ್ರಮಣಶ್ರಮ, ಈಜುವುದು ಸಲಿಲಶ್ರಮ, ಕಂಬದ ಮೇಲಿನ ಸಾಧನೆ ಸ್ತಂಭಶ್ರಮ. ಇಂದಿನ ಮಲ್ಲಕಂಬದ ಮೂಲವನ್ನು ಹುಡುಕುವವರು ಈ ಸ್ತಂಭಶ್ರಮದ ಬಳಿಗೇ ಬರುತ್ತಾರೆ. ಎಂಟುನೂರು ತೊಂಬತ್ತು ವರ್ಷಗಳ ಹಿಂದೆಯೇ ನಮ್ಮ ಕಲ್ಯಾಣದ ಅರಸನು ಒಂದೇ ಶ್ರಮ ಸಾಲದು, ಭಾರವೂ ಬೇಕು, ನಡಿಗೆಯೂ ಬೇಕು, ಊಟವೂ ಬೇಕು ಎಂದು ಕಂಡಿದ್ದನು. ಆದರೆ ಅವನ ಶ್ರಮಗಳೆಲ್ಲ ಅರಮನೆಯ ಮಲ್ಲರಿಗೆ ಮಾತ್ರ. ಹೊರೆ ಹೊರುವವನ ಬೆನ್ನಿನ ಚಿಂತೆ ಆ ಅಧ್ಯಾಯದ್ದಲ್ಲ.

ಇನ್ನು ಬಲ ಬೆಳೆಯುವ ಬಗೆ. ಗ್ರೀಕರಲ್ಲಿ ಒಂದು ಕಥೆಯಿದೆ. ಮಿಲೋ ಎಂಬ ಜಟ್ಟಿ ಆಗ ತಾನೇ ಹುಟ್ಟಿದ ಕರುವನ್ನು ದಿನವೂ ಎತ್ತುತ್ತ ಬಂದನಂತೆ; ಕರು ಬೆಳೆದಂತೆ ಅವನ ಬಲವೂ ಬೆಳೆದು ಕೊನೆಗೆ ಹೋರಿಯನ್ನೇ ಹೊತ್ತನಂತೆ. ನಮ್ಮ ದೇವಣಿ ಕರು ಹುಟ್ಟಿದಾಗ ಸುಮಾರು 20 ಕಿಲೋ ತೂಗುತ್ತದೆ. ಅದನ್ನು ಎತ್ತಬಹುದು, ಹೋರಿಯನ್ನು ಎತ್ತುವುದು ಕಥೆಯಲ್ಲಿ ಮಾತ್ರ. ಆದರೂ ಕಥೆಯ ತಿರುಳು ನಿಜ. ಭಾರ ಸ್ವಲ್ಪ ಸ್ವಲ್ಪವಾಗಿ ಏರಬೇಕು. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರ ಸೊರಗಿದ ಕಾಲುಗಳನ್ನು ಸರಿಪಡಿಸಲು ಅಮೆರಿಕದ ಡಾಕ್ಟರ್ ಡಿಲೋರ್ಮ್ ಎಂಬವರು ಇದೇ ಕ್ರಮ ಹಿಡಿದು 1945ರಲ್ಲಿ ಪ್ರಕಟಿಸಿದರು. ಅಲ್ಲಿಯವರೆಗೆ ಸೊರಗಿದ ಕಾಲಿಗೆ ಹಗುರವಾದ ಚಲನೆಯನ್ನು ಸಾವಿರ ಸಲ ಮಾಡಿಸುತ್ತಿದ್ದರು. ಇವರು ಭಾರವನ್ನು ಏರಿಸಿದರು, ಎಣಿಕೆಯನ್ನು ಇಳಿಸಿದರು. ಕಾಲುಗಳು ಬೇಗ ಚೇತರಿಸಿಕೊಂಡವು.

ಹೀಗೆ ಮಾಡಿದಾಗ ಒಳಗೆ ಆಗುವುದೇನು? ಮೊದಲ ಕೆಲವು ವಾರಗಳಲ್ಲಿ ಸ್ನಾಯು ಹೆಚ್ಚಾಗಿ ದಪ್ಪವಾಗುವುದೇ ಇಲ್ಲ. ಆದರೂ ಬಲ ಹೆಚ್ಚುತ್ತದೆ. ಸ್ನಾಯು ಎಂದರೆ ಸಾವಿರಾರು ಎಳೆಗಳ ಕಟ್ಟು. ಮಿದುಳು ಕರೆದಾಗ ಎಲ್ಲ ಎಳೆಗಳೂ ಬರುವುದಿಲ್ಲ. ಮುಯ್ಯಿ ಆಳುಗಳನ್ನು ಕರೆದ ಮೊದಲ ದಿನ ಹತ್ತರಲ್ಲಿ ಆರು ಮಂದಿ ಬಂದು, ಬಂದವರೂ ಒಬ್ಬೊಬ್ಬರು ಒಂದೊಂದು ಕಡೆ ಎಳೆದ ಹಾಗೆ. ಅಭ್ಯಾಸವಾದಂತೆ ಹೆಚ್ಚು ಎಳೆಗಳು ಒಟ್ಟಿಗೆ ಕೈ ಹಾಕುತ್ತವೆ. ಅದಾದ ಮೇಲೆ, ಒಂದೆರಡು ತಿಂಗಳಲ್ಲಿ, ಎಳೆಗಳು ದಪ್ಪವಾಗುತ್ತವೆ. ದಪ್ಪವಾಗುವುದು ಭಾರ ಎತ್ತುವ ಹೊತ್ತಿನಲ್ಲಲ್ಲ; ಆಮೇಲಿನ ಒಂದೆರಡು ದಿನಗಳ ವಿಶ್ರಾಂತಿಯಲ್ಲಿ, ತಿಂದ ಅನ್ನದ ಬಲದಿಂದ. ಬಿಡುವಿಲ್ಲದ ದುಡಿಮೆಗೆ ಈ ಲಾಭ ಸಿಕ್ಕದಿರುವುದು ಇದಕ್ಕಾಗಿಯೇ.

ನರಗಳ ಈ ಆಟದಿಂದ ಒಂದು ವಿಚಿತ್ರ ಫಲವೂ ಉಂಟು. 1894ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಕ್ರಿಪ್ಚರ್ ಎಂಬವರೂ ಅವರ ಸಂಗಡಿಗರೂ ಒಂದೇ ಕೈಯಿಂದ ಹಿಡಿತದ ಅಭ್ಯಾಸ ಮಾಡಿಸಿದರು. ಅಭ್ಯಾಸ ಮಾಡದ ಇನ್ನೊಂದು ಕೈಗೂ ಬಲ ಬಂದಿತು! ಆಮೇಲೆ ಇದನ್ನು ಹಲವರು ಪರೀಕ್ಷಿಸಿ ನಿಜವೆಂದು ಕಂಡರು. ಕೈ ಮುರಿದು ಪ್ಲಾಸ್ಟರಿನಲ್ಲಿದ್ದಾಗ ಇನ್ನೊಂದು ಕೈಗೆ ಕೆಲಸ ಕೊಡುತ್ತಿದ್ದರೆ ಕಟ್ಟಿದ ಕೈ ಸ್ವಲ್ಪ ಕಡಿಮೆ ಸೊರಗುತ್ತದೆ.

ಈಗ ಮುತ್ಯಾನ ವಿಚಾರಕ್ಕೆ ಬರೋಣ. ಅಮೆರಿಕದ ಬೋಸ್ಟನ್ ನಗರದಲ್ಲಿ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿದ್ದ ಹತ್ತು ಮಂದಿ ದುರ್ಬಲ ವೃದ್ಧರಿಗೆ ಡಾಕ್ಟರ್ ಮರಿಯಾ ಫಿಯಟರೋನ್ ಮತ್ತು ಸಂಗಡಿಗರು ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಆ ವೃದ್ಧರ ಸರಾಸರಿ ವಯಸ್ಸು 90. ಹಗುರ ಭಾರವಲ್ಲ, ಅವರವರ ಶಕ್ತಿಗೆ ತಕ್ಕ ಗಟ್ಟಿ ಭಾರ. 1990ರಲ್ಲಿ ಫಲಿತಾಂಶ ಹೊರಬಿತ್ತು. ಎಂಟು ವಾರ ಪೂರೈಸಿದ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿ ನೂರಕ್ಕೆ 174ರಷ್ಟು ಹೆಚ್ಚಿತ್ತು. ಎಂದರೆ ಹತ್ತು ಕಿಲೋ ಎತ್ತುತ್ತಿದ್ದ ಕಾಲು ಇಪ್ಪತ್ತೇಳು ಕಿಲೋ ಎತ್ತಿದ ಲೆಕ್ಕ. ಇಬ್ಬರು ಊರುಗೋಲನ್ನೇ ಬಿಟ್ಟರು. ತೊಂಬತ್ತರ ಸ್ನಾಯು ಕೂಡ ಕರೆದರೆ ಓಗೊಡುತ್ತದೆ. ನಾವು ಕರೆಯುತ್ತಿಲ್ಲ, ಅಷ್ಟೇ.

ಕರೆಯದಿದ್ದರೆ ಏನಾಗುವುದೆಂಬುದನ್ನೂ ಅಳೆದಿದ್ದಾರೆ. ಸರಾಸರಿ 67 ವಯಸ್ಸಿನ ಆರೋಗ್ಯವಂತರನ್ನು ಹತ್ತು ದಿನ ಬರಿದೇ ಹಾಸಿಗೆಯಲ್ಲಿ ಮಲಗಿಸಿದ ಪರೀಕ್ಷೆ 2007ರಲ್ಲಿ ಪ್ರಕಟವಾಯಿತು. ಹತ್ತೇ ದಿನಗಳಲ್ಲಿ ಅವರ ಕಾಲುಗಳ ಮಾಂಸಖಂಡ ಸುಮಾರು ಒಂದು ಕಿಲೋ ಕರಗಿತ್ತು. ಜ್ವರ ಬಂದ ಆಯಿಯನ್ನು ಜ್ವರ ಬಿಟ್ಟ ಮೇಲೂ ‘ಏಳಬ್ಯಾಡ, ಮಲಕ್ಕೋ’ ಎಂದು ಪ್ರೀತಿಯಿಂದ ಮಲಗಿಸುವ ಮಕ್ಕಳು ಇದನ್ನು ನೆನಪಿನಲ್ಲಿಡಬೇಕು. ಡಾಕ್ಟರು ಬೇಡವೆನ್ನದಿದ್ದರೆ ಕೈ ಹಿಡಿದು ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆಸಿರಿ.

ಕೈಯ ಹಿಡಿತದಿಂದ ಆಯುಸ್ಸಿನ ಸುಳಿವು ತಿಳಿಯುತ್ತದೆಂದರೆ ಜ್ಯೋತಿಷ್ಯದಂತೆ ಕೇಳಿಸಬಹುದು. ಆದರೆ 2015ರಲ್ಲಿ ಪ್ರಕಟವಾದ, 17 ದೇಶಗಳ ಸುಮಾರು 1 ಲಕ್ಷ 40 ಸಾವಿರ ಜನರ ಪರೀಕ್ಷೆ ಅದನ್ನೇ ತೋರಿಸಿತು. ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯವರೂ ಅದರಲ್ಲಿ ಪಾಲುಗೊಂಡಿದ್ದರು. ಮುಷ್ಟಿಯ ಹಿಡಿತ ಐದು ಕಿಲೋ ಕಡಿಮೆಯಾದಷ್ಟಕ್ಕೂ ಸಾವಿನ ಸಂಭವ ನೂರಕ್ಕೆ 16ರಷ್ಟು ಹೆಚ್ಚು ಕಂಡಿತು. ರಕ್ತದೊತ್ತಡದ ಮೇಲಿನ ಅಂಕೆಗಿಂತಲೂ ಇದು ಒಳ್ಳೆಯ ಸೂಚನೆಯಾಗಿತ್ತು. ಹಾಗೆಂದು ಚೆಂಡು ಹಿಸುಕುತ್ತ ಕೂತರೆ ಆಯುಸ್ಸು ಬೆಳೆಯದು. ಎಲೆಯ ಬಣ್ಣ ಬೇರಿನ ಸ್ಥಿತಿ ಹೇಳುವಂತೆ ಹಿಡಿತವು ಇಡೀ ಮೈಯ ಸ್ಥಿತಿ ಹೇಳುತ್ತದೆ. ಎಲೆಗೆ ಬಣ್ಣ ಬಳಿದರೆ ಬೇರಿಗೆ ಏನು ಬಂತು?

ತಾಯಂದಿರಿಗೆ ಒಂದು ಸಂಗತಿ. 1986ರಲ್ಲಿ ಆಫ್ರಿಕದ ಕೀನ್ಯಾ ದೇಶದ ಹೆಂಗಸರ ಉಸಿರಾಟವನ್ನು ಅಳೆದ ವಿಜ್ಞಾನಿಗಳು ಬೆರಗಾದರು. ತಲೆಯ ಮೇಲೆ ಭಾರ ಹೊತ್ತು ಬೆಳೆದ ಆ ಹೆಂಗಸರು ತಮ್ಮ ತೂಕದ ಐದನೆಯ ಒಂದು ಪಾಲಿನವರೆಗೆ, ಎಂದರೆ 50 ಕಿಲೋ ತೂಗುವವಳು 10 ಕಿಲೋದ ಕೊಡ ಹೊತ್ತರೂ, ಬರಿಗೈಯಲ್ಲಿ ನಡೆದದ್ದಕ್ಕಿಂತ ಹೆಚ್ಚು ಶಕ್ತಿ ಖರ್ಚು ಮಾಡುತ್ತಿರಲಿಲ್ಲ. ಗಡಿಯಾರದ ಲೋಲಕದಂತೆ ಪ್ರತಿ ಹೆಜ್ಜೆಯ ತೂಗಾಟವನ್ನು ಮುಂದಿನ ಹೆಜ್ಜೆಗೆ ಉಳಿಸಿಕೊಳ್ಳುವ ನಡಿಗೆ ಅವರದೆಂದು 1995ರಲ್ಲಿ ವಿವರಿಸಿದರು. ಇದನ್ನು ಕೇಳಿ ‘ಹಾಗಾದರೆ ಮನೆಗೆ ನಲ್ಲಿ ಬೇಡ’ ಎನ್ನುವ ಜಾಣರು ಇದ್ದಾರು. ಉಸಿರಿನ ಖರ್ಚು ಉಳಿದರೆ ಕತ್ತಿನ ನೋವು ಉಳಿಯುವುದಿಲ್ಲ. ದಕ್ಷಿಣ ಆಫ್ರಿಕದಲ್ಲಿ 2010ರಲ್ಲಿ ಪರೀಕ್ಷಿಸಿದಾಗ ಈ ಉಳಿತಾಯ ಎಲ್ಲರಲ್ಲಿಯೂ ಕಾಣಲಿಲ್ಲ. ಕತ್ತುನೋವಿನ ದೂರು ಮಾತ್ರ ಇತ್ತು.

ಚೀಲ ಎತ್ತುವ ವಿಚಾರ ಹೇಳದೆ ಮುಂದೆ ಹೋಗುವಂತಿಲ್ಲ. ಹಾರೆಯಿಂದ ಕಲ್ಲು ಮೀಟುವ ಲೆಕ್ಕ ತಮಗೆ ಗೊತ್ತು. ಹಿಡಿಯುವ ಕೈ ದೂರವಿದ್ದಷ್ಟೂ ಹಗುರ. ಬೆನ್ನಿನಲ್ಲಿ ಈ ಲೆಕ್ಕ ತಿರುವುಮುರುವು. ಎಳೆಯುವ ಸ್ನಾಯು ಬೆನ್ನುಮೂಳೆಗೆ ಸುಮಾರು ಎರಡು ಅಂಗುಲ ಹಿಂದಿದೆ. ಬಗ್ಗಿ, ಕೈ ಚಾಚಿ ಹಿಡಿದ ಚೀಲ ಹದಿನೆಂಟು ಅಂಗುಲ ಮುಂದಿದೆ. ಒಂಬತ್ತು ಪಟ್ಟು! ಇಪ್ಪತ್ತು ಕಿಲೋದ ಚೀಲಕ್ಕೆ ಸ್ನಾಯು 180 ಕಿಲೋದಷ್ಟು ಎಳೆಯಬೇಕು, ಬಗ್ಗಿದ ಮೈಯ ಭಾರ ಬೇರೆ. ಅದೇ ಚೀಲವನ್ನು ಹೊಟ್ಟೆಗೆ ಆನಿಸಿ ಹಿಡಿದರೆ ಹೊರೆ ಅರ್ಧಕ್ಕೂ ಕೆಳಗೆ ಇಳಿಯುತ್ತದೆ. ಆದ್ದರಿಂದ ಕಾಲು ಅಗಲಿಸಿ, ಮೊಣಕಾಲು ಮಡಿಸಿ, ಚೀಲವನ್ನು ಮೈಗೆ ಒತ್ತಿಕೊಂಡು ಏಳಿರಿ. ಎದ್ದ ಮೇಲೆ ಸೊಂಟ ತಿರುಚಬೇಡಿರಿ, ಹೆಜ್ಜೆಯನ್ನೇ ತಿರುಗಿಸಿರಿ. ಗಂಡಾಳಿಗೆ 55 ಕಿಲೋಗಿಂತ ಹೆಚ್ಚಿನ ಭಾರ ಹೊರಿಸಬಾರದೆಂಬುದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರಲ್ಲಿ ಮಾಡಿದ ಶಿಫಾರಸು. ನಮ್ಮ ಕಣದಲ್ಲಿ ಕ್ವಿಂಟಲ್ ಚೀಲವನ್ನು ಒಬ್ಬನೇ ಬೆನ್ನಿಗೇರಿಸಿಕೊಂಡವನಿಗೆ ಶಾಬಾಸ್ ಎನ್ನುವ ರೂಢಿ ಇದ್ದರೆ ಅದನ್ನು ಬಿಡುವುದು ಮೇಲು.

ಹಾಗಾದರೆ ಮಾಡಬೇಕಾದುದೇನು? ದುಡ್ಡಿನ ಕೆಲಸವಲ್ಲ. ವಾರಕ್ಕೆ ಎರಡು ದಿನ ಸಾಕು. ಸೋಮವಾರ ಮತ್ತು ಗುರುವಾರ ಎಂದಿಟ್ಟುಕೊಳ್ಳಿರಿ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೇಳಿದ್ದೂ ವಾರಕ್ಕೆ ಎರಡು ದಿನವಾದರೂ ಎಂದೇ. ವಯಸ್ಸಾದವರು ಮೊದಲು ಕಟ್ಟೆಯ ಮೇಲೆ ಕೂತು ಕೈ ಊರದೆ ಏಳಲಿ, ನಿಧಾನವಾಗಿ ಕೂರಲಿ. ಕೈ ಊರದೆ ಆಗದಿದ್ದರೆ ಎತ್ತರದ ಕಟ್ಟೆ ಹಿಡಿಯಿರಿ, ಇಲ್ಲವೆ ಕೌದಿ ಮಡಿಸಿ ಹಾಕಿ ಕೂತುಕೊಳ್ಳಿರಿ. ಎಂಟು ಸಲ ಮಾಡಿ, ಸುಧಾರಿಸಿಕೊಂಡು, ಮತ್ತೆ ಎಂಟು ಸಲ. ಹನ್ನೆರಡು ಸಲ ಸಲೀಸಾಗಿ ಬಂದ ದಿನ ಎರಡು ಕಿಲೋ ಮಣ್ಣು ತುಂಬಿದ ಚೀಲವನ್ನು ಎದೆಗೆ ಅಪ್ಪಿಕೊಂಡು ಏಳಿರಿ. ಇದೇ ತಮ್ಮ ಭಾರಶ್ರಮ. ಬಾಗಿಲ ಚೌಕಟ್ಟು ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಗೋಡೆಗೆ ಕೈಕೊಟ್ಟು ದಂಡ ತೆಗೆದಂತೆ ಮೈ ಬಾಗಿಸಿ ನೂಕುವುದು, ಒಂಟಿ ಕಾಲಿನಲ್ಲಿ ಹತ್ತು ಎಣಿಸುವವರೆಗೆ ನಿಲ್ಲುವುದು ಇವನ್ನೂ ಸೇರಿಸಿಕೊಳ್ಳಬಹುದು. ಎಲ್ಲ ಸೇರಿ ಇಪ್ಪತ್ತು ನಿಮಿಷವಾಗದು. ಉಸಿರು ಬಿಗಿಹಿಡಿಯಬೇಡಿರಿ, ಏಳುವಾಗ ಬಿಡಿರಿ. ಎದೆನೋವು, ಹೆಚ್ಚಿನ ರಕ್ತದೊತ್ತಡ, ಹರ್ನಿಯಾ ಇರುವವರು, ಬಸುರಿಯರು ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರನ್ನು ಕೇಳಿ ಆರಂಭಿಸಬೇಕು. ಎದೆಯಲ್ಲಿ ನೋವು, ತಲೆಸುತ್ತು ಬಂದರೆ ಕೂಡಲೇ ನಿಲ್ಲಿಸಬೇಕು. ಮೊದಲ ವಾರ ತೊಡೆ ನೋಯುವುದು ಸಹಜ.

ತರುಣರಿಗೆ ಗರಡಿಯ ದಂಡ, ಬೈಠಕ್ ಇವೆ. ಊರಿನ ಹಳೆಯ ತಾಲೀಮು ಪಾಳುಬಿದ್ದಿದ್ದರೆ ಮಣ್ಣು ಹದಮಾಡಿದರೆ ಸಾಕು. ಜಾತ್ರೆಯ ಗುಂಡುಕಲ್ಲಿನಿಂದಲೇ ಆರಂಭಿಸಬೇಕಾಗಿಲ್ಲ. ಹಗುರ ಭಾರವನ್ನೇ ದಣಿಯುವವರೆಗೆ ಎತ್ತಿದರೂ ಸ್ನಾಯು ಗಟ್ಟಿ ಭಾರದಷ್ಟೇ ಬೆಳೆಯುತ್ತದೆಂದು ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2012ರಲ್ಲಿ ತೋರಿಸಿದ್ದಾರೆ.

ಊಟ. 60 ಕಿಲೋ ತೂಕದವರಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನು ಬೇಕು, ವಯಸ್ಸಾದವರಿಗೆ ತುಸು ಹೆಚ್ಚು. 300 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಲ್ಲಿ 30 ಗ್ರಾಂ, 50 ಗ್ರಾಂ ತೊಗರಿಬೇಳೆಯಲ್ಲಿ 11, ಒಂದು ಹಿಡಿ ಶೇಂಗಾದಲ್ಲಿ 7, ಕಾಲು ಲೀಟರು ಹಾಲು ಅಥವಾ ಮೊಸರಿನಲ್ಲಿ 8. ಲೆಕ್ಕ ಮುಗಿಯಿತು. ಜೋಳದಲ್ಲಿ ಕೊರತೆಯಿರುವ ಅಂಶ ಬೇಳೆಯಲ್ಲಿದೆ. ಎರಡೂ ಕೂಡಿದರೆ ಪೂರ್ಣ. ನಾವು ಬೆಳೆದು ಮಾರಿಬಿಡುವ ಸೋಯಾದಲ್ಲಿ ನೂರು ಗ್ರಾಮಿಗೆ ಸುಮಾರು 36 ಗ್ರಾಂ ಉಂಟು. ಆದರೆ ಅದನ್ನು ಹಸಿಯಾಗಿ ತಿನ್ನದೆ ಚೆನ್ನಾಗಿ ಬೇಯಿಸಿ ಇಲ್ಲವೆ ಹುರಿದು ಬಳಸಬೇಕು. ತೊಂದರೆ ಇರುವುದು ಬೇರೆ ಕಡೆ. ಎಲ್ಲರ ಊಟವಾದ ಮೇಲೆ ಉಣ್ಣುವ ಸೊಸೆಗೂ ಹಲ್ಲಿಲ್ಲದ ಆಯಿಗೂ ತಿಳಿಸಾರು ಮಾತ್ರ ಉಳಿದಿರುತ್ತದೆ. ಬೇಳೆಯನ್ನು ಮೊದಲೇ ಪಾಲು ಹಾಕಿರಿ.

ಪೇಟೆಯಲ್ಲಿ ಡಬ್ಬಿಯ ಪುಡಿ ಮಾರುತ್ತಾರೆ. ಹುಡುಗರು ಸಾವಿರಾರು ರೂಪಾಯಿ ಕೊಟ್ಟು ತರುತ್ತಾರೆ. ಬೋಸ್ಟನ್ನಿನ ಅದೇ ಡಾಕ್ಟರು 1994ರಲ್ಲಿ ನೂರು ಮಂದಿ ವೃದ್ಧರಲ್ಲಿ ಇನ್ನೊಂದು ಪರೀಕ್ಷೆ ಮಾಡಿದರು. ಭಾರ ಎತ್ತಿದವರ ಬಲ ನೂರಕ್ಕೆ 113ರಷ್ಟು ಹೆಚ್ಚಿತು. ಭಾರ ಎತ್ತದೆ ಪುಷ್ಟಿಯ ಪೇಯವನ್ನಷ್ಟೇ ಕುಡಿದವರಿಗೆ ಬಲ ಬರಲಿಲ್ಲ. ಪುಡಿ ಹಣ ಮಾತ್ರ ತಿನ್ನುತ್ತದೆ. ಕಟ್ಟುಮಸ್ತಾಗಲು ಹಾಕಿಸಿಕೊಳ್ಳುವ ಹಾರ್ಮೋನು ಇಂಜೆಕ್ಷನ್ ಬೇರೆ ಬಗೆಯದು. ಅದು ಹೃದಯವನ್ನು ಕೆಡಿಸುತ್ತದೆ, ವೃಷಣಗಳನ್ನು ಕುಗ್ಗಿಸುತ್ತದೆ, ಮಕ್ಕಳಾಗದಂತೆ ಮಾಡಬಲ್ಲದು. ತಮ್ಮ ಹುಡುಗನ ಮೈ ಎರಡೇ ತಿಂಗಳಲ್ಲಿ ಉಬ್ಬಿದ್ದನ್ನು ಕಂಡರೆ ಬೀಗುವ ಮೊದಲು ಕೂರಿಸಿ ವಿಚಾರಿಸಿರಿ.

ತೊಗರಿ ರಾಶಿಯ ದಿನಗಳಲ್ಲಿ ಇದಕ್ಕೆಲ್ಲ ಪುರಸೊತ್ತು ಸಿಗದು ಎಂದು ನನಗೂ ಗೊತ್ತು. ಆಗ ಬಿಟ್ಟುಬಿಡಿರಿ, ಎರಡು ವಾರ ಬಿಟ್ಟರೆ ಗಳಿಸಿದ ಬಲ ಕರಗಿಹೋಗುವುದಿಲ್ಲ. ರಾಶಿ ಮನೆ ಸೇರಿದ ಮೇಲಿನ ಸೋಮವಾರ, ಮೊದಲಿಗಿಂತ ಒಂದು ಕಿಲೋ ಕಡಿಮೆ ಮಣ್ಣು ತುಂಬಿ ಮತ್ತೆ ಆರಂಭಿಸಿರಿ.